ಮೂಟೆಯ ತೂಕ

"ಇದು ಬೇಡ. ಇದೂ ಬೇಡ. ಅಯ್ಯೋ, ಇದಂತೂ ಬೇಡವೇ ಬೇಡ!" ಎನ್ನುತ್ತಾ ಮೇಷ್ಟ್ರು ಹುಡುಗಿಯ ಇಪ್ಪತ್ತನಾಲ್ಕು ಹಾಳೆಗಳ ಕಟ್ಟಿನಿಂದ ಒಂದೊಂದನ್ನೇ ಎಳೆದು ಪಕ್ಕಕ್ಕೆ ಹಾಕಿದರು. ಎಳೆದವೆಲ್ಲ ಅವಳ ಚಂದದ ಚಿತ್ರಗಳೇ. ಹಾಳೆಗಳನ್ನು ಒಂದರ ಹಿಂದೊಂದು ಓಡಿಸಿದರೆ ಒಬ್ಬ ಆಳು ನೆಲದ ಮೇಲಿನ ಮೂಟೆಯನ್ನು ಬೆನ್ನಿಗೇರಿಸಿಕೊಳ್ಳುವುದು, ಪರದೆಯ ಮೇಲೆ ಎರಡೇ ಸೆಕೆಂಡು. ಆ ಎರಡು ಸೆಕೆಂಡಿಗಾಗಿ ಅವಳು ಹದಿನೈದು ದಿನ, ಗಾಜಿನಡಿ ಬೆಳಕು ಉರಿಯುವ ದೀಪದ ಮೇಜಿನ ಮೇಲೆ ಬಗ್ಗಿ ಕಣ್ಣು ಕೆಂಪಗೆ ಮಾಡಿಕೊಂಡಿದ್ದಳು.

"ಚಿತ್ರ ಬರೆಯೋದ್ರಲ್ಲಿ ನಿನ್ನನ್ನ ಮೀರಿಸೋರು ಈ ಕ್ಲಾಸಲ್ಲಿ ಇಲ್ಲಮ್ಮ," ಎಂದರು ಮೇಷ್ಟ್ರು. "ಆದ್ರೆ ಇವನು ಎತ್ತುತಾ ಇರೋದು ಮೂಟೆ ಅಲ್ಲ, ದಿಂಬು. ಒಂದೊಂದು ಹಾಳೆಗೂ ಅಷ್ಟಷ್ಟೇ ಮೇಲೆ ಹೋಗುತ್ತೆ. ತೂಕ ಎಲ್ಲಿದೆ ಇದ್ರಲ್ಲಿ?"

ಮೊದಲ ವರ್ಷ ಮುಗಿಯುತ್ತಾ ಬಂದಿತ್ತು. ಶುಕ್ರವಾರ ಎಲ್ಲರೂ ತಮ್ಮ ಕೆಲಸ ತೋರಿಸಬೇಕು. ಮೂಟೆಗೆ ತೂಕ ಬಂದರೆ ಅನಿಮೇಷನ್ ವಿಭಾಗ, ಬರದಿದ್ದರೆ ಅಂಗಡಿ ಬೋರ್ಡು ಬರೆಯುವ ವಿಭಾಗ. ಬೋರ್ಡು ಬರೆಯುವುದೇನೂ ಕೀಳಲ್ಲ ಬಿಡಿ. ಆದರೆ ಮೂರನೇ ಕ್ಲಾಸಿನಲ್ಲೇ ನೋಟ್‌ಬುಕ್ಕಿನ ಮೂಲೆಗಳಲ್ಲಿ ಬೆಕ್ಕು ಬರೆದು, ಪುಟ ಸರಸರ ತಿರುವಿ ಅದನ್ನು ಓಡಿಸಿದವಳಿಗೆ, ನಿಂತ ಅಕ್ಷರ ಬರೆಯುತ್ತಾ ಕೂತಿರು ಎಂದರೆ ಹೇಗಾಗಬೇಡ!

ಮರುದಿನ ಬೆಳಿಗ್ಗೆ ಅವಳು ಪೆನ್ಸಿಲು ಹಿಡಿದು ಅಪ್ಪನ ಹಿಂದೆಯೇ ಗೋದಾಮಿಗೆ ಹೋದಳು. ಮೂವತ್ತು ವರ್ಷದಿಂದ ಅಪ್ಪ ಅಲ್ಲಿ ಮೂಟೆ ಹೊರುವವನು. ಅಂಥವನ ಎದುರು ದಿನಾ ಕೂತು ಊಟ ಮಾಡುತ್ತಾ, ಮೂಟೆ ಎತ್ತುವುದು ಹೇಗೆಂದು ಮೊಬೈಲಿನಲ್ಲಿ ಹುಡುಕಿದ್ದಳು ಮಹಾರಾಯ್ತಿ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎನ್ನುವುದು ಇಂಥವರನ್ನು ನೋಡಿಯೇ.

"ನಾನೇನು ಸಿನಿಮಾ ಹೀರೋನಾ? ಹೋಗೇ ಅತ್ಲಾಗೆ," ಎಂದು ಅಪ್ಪ ನಾಚಿಕೊಂಡ. ಆಮೇಲೆ ಕೆಲಸದಲ್ಲಿ ಅವಳನ್ನು ಮರೆತೇಬಿಟ್ಟ.

ಆಗ ನೋಡಬೇಕಿತ್ತು ಅವನನ್ನು! ಏಳುವುದಕ್ಕೆ ಮುಂಚೆ ಅವನು ಇಳಿಯುತ್ತಿದ್ದ. ಮಂಡಿ ಬಗ್ಗಿಸಿ, ಮೂಟೆಯನ್ನು ಎದೆಗೆ ಎಳೆದುಕೊಂಡು, ಉಸಿರು ಬಿಗಿಹಿಡಿದು ಒಂದು ಗಳಿಗೆ ಸುಮ್ಮನಿರುತ್ತಿದ್ದ. ಕುತ್ತಿಗೆಯ ನರ ಉಬ್ಬುತ್ತಿತ್ತೇ ಹೊರತು ಮೂಟೆ ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ. ಆಮೇಲೆ ಒಂದೇ ಏಟಿಗೆ ಅದು ಬೆನ್ನ ಮೇಲೆ. ಬಿದ್ದ ಭಾರಕ್ಕೆ ಮಂಡಿ ಇನ್ನೊಮ್ಮೆ ಕುಸಿದು ಸರಿಯಾಗುತ್ತಿತ್ತು. ಎಂಥ ವಿದ್ಯೆ ಅದು! ಹುಡುಗಿಗೆ ಹೆಮ್ಮೆಯೂ ಆಯಿತು, ಇಷ್ಟು ವರ್ಷ ಕಣ್ಣಿದ್ದೂ ನೋಡಲಿಲ್ಲವಲ್ಲ ಎಂದು ಸಂಕಟವೂ ಆಯಿತು.

ಅವಳು ಎಲ್ಲವನ್ನೂ ಹೊಸದಾಗಿ ಬರೆದಳು. ಇಪ್ಪತ್ತನಾಲ್ಕರಲ್ಲಿ ಹತ್ತು ಹಾಳೆ, ಏನೂ ಅಲುಗದ ಆ ಗಳಿಗೆಗೇ ಹೋದವು. ಮೇಲೆತ್ತುವುದಕ್ಕೆ ಎರಡೇ ಸಾಕಾದವು. ಗೆರೆ ಒರಟಾಯಿತು, ಅಲ್ಲಲ್ಲಿ ರಬ್ಬರಿನ ಕಲೆ ಉಳಿಯಿತು. ತಿದ್ದಲು ಪುರುಸೊತ್ತಿರಲಿಲ್ಲ.

ಶುಕ್ರವಾರ ಅಪ್ಪನೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಕುರ್ಚಿಯ ತುದಿಯಲ್ಲಿ ಕೂತ. ದೀಪ ಆರಿತು. ಪರದೆಯ ಮೇಲೆ ಪೆನ್ಸಿಲ್ ಗೆರೆಯ ಆಳು ಬಗ್ಗಿದ, ತಡೆದ, ಎತ್ತಿದ, ಕುಸಿದು ನಿಂತ. ಅಷ್ಟೇ. ಕೊನೆಯ ಚಿತ್ರ ಪರದೆಯ ಮೇಲೆ ಹಾಗೇ ಉಳಿಯಿತು.

ಮೇಷ್ಟ್ರು ಹಿಂದೆ ತಿರುಗಿದರು. "ಯಜಮಾನ್ರೇ, ಎಷ್ಟು ತೂಕ ಇರಬೋದು ಅದು?"

"ಎಪ್ಪತ್ತೈದಕ್ಕೆ ಕಮ್ಮಿ ಇಲ್ಲ ಸಾರ್," ಎಂದ ಅಪ್ಪ, ಸ್ವಲ್ಪವೂ ಯೋಚಿಸದೆ.

ಹುಡುಗರೆಲ್ಲ ಗೊಳ್ಳೆಂದು ನಕ್ಕರು. ಮೇಷ್ಟ್ರು ನಗಲಿಲ್ಲ. "ಕೇಳಿಸ್ಕೊಂಡ್ರೇನ್ರೋ? ನಾನು ಕೊಡೋ ಮಾರ್ಕ್ಸು ಇದರ ಮುಂದೆ ಏನೂ ಅಲ್ಲ," ಎಂದು, ಹುಡುಗಿಯತ್ತ ನೋಡಿದರು. "ಸೋಮವಾರದಿಂದ ನನ್ನ ವಿಭಾಗಕ್ಕೆ ಬಾರಮ್ಮ."

ಅವಳು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಗಳಗಳ ಅತ್ತಳು. ದೀಪ ಹತ್ತಿತು, ಗೆಳತಿಯರು ಮುತ್ತಿಕೊಂಡರು, ಯಾರೋ ಬೆನ್ನಿಗೆ ಗುದ್ದಿದರು. ಅಪ್ಪ ಮಾತ್ರ ಎದ್ದು ಬರಲಿಲ್ಲ. ಬೆಳಕಿಗೆ ಮಸುಕಾದ ಪರದೆಯನ್ನೇ ನೋಡುತ್ತಿದ್ದ.

"ಏನಪ್ಪಾ, ಖುಷಿ ಆಗ್ಲಿಲ್ವಾ?" ಎಂದಳು ಹತ್ತಿರ ಬಂದು.

"ಆಗದೆ ಏನೇ! ಆದ್ರೆ ಅವನು ಪಾಪ ಆವಾಗಿಂದ ಹೊತ್ಕೊಂಡೇ ನಿಂತಿದಾನಲ್ಲೇ," ಎಂದ ಅಪ್ಪ, ದನಿ ತಗ್ಗಿಸಿ. "ಇಳಿಸೋದು ಬೇಡ್ವಾ?"

ಹುಡುಗಿ ಮೂಗೊರೆಸಿಕೊಂಡು ತನ್ನ ದೀಪದ ಮೇಜಿಗೆ ಹೋದಳು. ಹೊಸ ಹಾಳೆ ಜೋಡಿಸಿ, ಮೂಲೆಯಲ್ಲಿ ಇಪ್ಪತ್ತೈದು ಎಂದು ಬರೆದು, ಅವನ ಮಂಡಿಯನ್ನು ಮೆಲ್ಲಗೆ ಬಗ್ಗಿಸತೊಡಗಿದಳು.