ಕಾಮಾಕ್ಷಿಯಮ್ಮನ ಆಪರೇಷನ್

ಇಂದುಜಾ ಕೊಯಮತ್ತೂರಿನ ಮೆಡಿಕಲ್ ಕಾಲೇಜೊಂದರಲ್ಲಿ ಅರಿವಳಿಕೆ ತಜ್ಞೆಯಾಗಲು ಕಲಿಯುತ್ತಿದ್ದ ಡಾಕ್ಟರು. ಆ ಬೆಳಿಗ್ಗೆ ಆಪರೇಷನ್ ಟೇಬಲ್ ಮೇಲಿದ್ದವರು ಹತ್ತಿರದ ಸಿರುಮುಗೈ ಊರಿನ ಮುದುಕಿ ಕಾಮಾಕ್ಷಿಯಮ್ಮ. ಜೀವನವಿಡೀ ಮಗ್ಗದಲ್ಲಿ ಕೂತು ನೇಯ್ದವರು. ಕರುಳು ತೂತಾಗಿ ನಾಲ್ಕು ದಿನವಾಗಿತ್ತು, ಹೃದಯವೂ ಸೋತಿತ್ತು. ಆಪರೇಷನ್ ಮಾಡದಿದ್ದರೆ ಸಾವು ಖಚಿತ, ಮಾಡಿದರೂ ಉಳಿಯುವುದು ಕಷ್ಟ ಎಂದು ಪ್ರೊಫೆಸರ್ ಮೋಹನ್ ರಾಜ್ ಮೊದಲೇ ಹೇಳಿದ್ದರು.

ತಮಿಳಿನಲ್ಲಿ ಎಷ್ಟು ಕರೆದರೂ ಮುದುಕಿ ಕಣ್ಣು ತೆರೆಯಲಿಲ್ಲ. ಇಂದುಜಾ ತನ್ನ ಮನೆಮಾತಾದ ಕನ್ನಡದಲ್ಲಿ, "ಅವ್ವಾ, ಉಸಿರು ಚೆನ್ನಾಗಿ ಎಳ್ಕೊಳ್ಳಿ," ಎಂದಳು.

"ನಮ್ಮ ಮಾತಾಡ್ತೀಯಲ್ಲ, ನನ್ನ ಕಣ್ಣೇ! ಹಂಗಾದ್ರೆ ಭಯ ಇಲ್ಲ ಬಿಡು," ಎಂದು ಕಾಮಾಕ್ಷಿಯಮ್ಮ ಕಣ್ಣು ತೆರೆದು ಅವಳ ಕೈ ಹಿಡಿದುಕೊಂಡರು.

ಪ್ರೊಫೆಸರ್ ಹೇಳಿದಷ್ಟೇ ಅರಿವಳಿಕೆ ಮದ್ದನ್ನು ಇಂದುಜಾ ನಿಧಾನವಾಗಿ ಕೊಟ್ಟಳು. ಮುದುಕಿಯ ಹಿಡಿತ ಸಡಿಲವಾಯಿತು. ಹತ್ತೇ ನಿಮಿಷದಲ್ಲಿ ರಕ್ತದೊತ್ತಡ ಕುಸಿದು ಹೃದಯ ನಿಂತಿತು. ಮುಕ್ಕಾಲು ಗಂಟೆ ಎದೆ ಒತ್ತಿದರೂ ಅದು ಮತ್ತೆ ಮಿಡಿಯಲಿಲ್ಲ.

"ನಿನ್ನ ತಪ್ಪೇನಿಲ್ಲಮ್ಮಾ," ಎಂದರು ಪ್ರೊಫೆಸರ್. "ಮನೆಯವರಿಗೆ ಹೇಳೋದನ್ನೂ ಕಲೀಬೇಕು. ಬಾ."

ಹೊರಗೆ ಮಗ ದೀನದಯಾಳನ್ ಎಲ್ಲವನ್ನೂ ನಿಂತೇ ಕೇಳಿದ. ಆಮೇಲೆ, "ಪ್ರಜ್ಞೆ ತಪ್ಪಿಸೋ ಮಯಕ್ಕದ ಮದ್ದು ಕೊಟ್ಟದ್ದು ಯಾರು?" ಎಂದ.

"ನಾನೇ ಅಣ್ಣಾ."

ಅವನು ಬೈಯುತ್ತಾನೆಂದು ಅವಳು ತಲೆ ತಗ್ಗಿಸಿದಳು.

"ಅವ್ವನಿಗೆ ನೋವು ತಿಳೀತಾ?" ಎಂದಷ್ಟೇ ಕೇಳಿದ.

"ಇಲ್ಲ ಅಣ್ಣಾ. ತಿಳೀಲಿಲ್ಲ."

ಅವನು ಗೋಡೆಗೆ ಹಣೆ ಹಚ್ಚಿ ಅತ್ತ. ಅಷ್ಟರಲ್ಲಿ ನರ್ಸ್ ಬಂದು, ಮುಂದಿನ ರೋಗಿಯನ್ನು ಟೇಬಲ್ ಮೇಲೆ ಮಲಗಿಸಿದ್ದೇವೆ ಎಂದಳು. ಇಂದುಜಾ ಒಳಗೆ ಹೋಗಿ ಸಿರಿಂಜು ತೆಗೆದುಕೊಂಡಳು. ಆ ರೋಗಿಯ ಮುಖ ನೋಡಲು ಮಾತ್ರ ಅವಳಿಂದ ಆಗಲಿಲ್ಲ.