ಪೊರೆ ತೆಗೆಯುವಾಗ ಉಸಿರು ಬಿಗಿಹಿಡಿಯಬೇಡಿ

“ಡಾಕ್ಟರು ನನ್ನ ಕಣ್ಣು ಕಿತ್ತು, ಬಟ್ಟಲಲ್ಲಿ ತೊಳೆದು, ಮತ್ತೆ ಕೂರಿಸಿದ್ರು. ಮದ್ದಿಲ್ಲ, ಮಂಪರಿಲ್ಲ. ಅಷ್ಟೂ ಹೊತ್ತು ಇನ್ನೊಂದು ಕಣ್ಣಲ್ಲಿ ನೋಡ್ತಾ ಮಲಗಿದ್ದೆ.”

ಜೇಜು ದ್ವೀಪದಲ್ಲಿ ಕಡಲಿಗೆ ಮುಳುಗಿ ಚಿಪ್ಪು ಹೆಕ್ಕುವ ಹೆಂಗಸರು ದಡದ ಬೆಂಕಿಗೆ ಮೈ ಕಾಯಿಸುತ್ತಿದ್ದಾಗ ಆಗಲೇ ಕಣ್ಣಿನ ಪೊರೆ ತೆಗೆಸಿಕೊಂಡಿದ್ದ ಚುನ್‌ಹ್ವಾ ಹೀಗೆಂದಳು. ತಾನು ಮುಳುಗಿದರೆ ತಿಮಿಂಗಿಲಗಳೇ ಸರಿದು ದಾರಿ ಬಿಡುತ್ತವೆ ಎನ್ನುವವಳು ಅವಳು. ಉಳಿದವರು ನಕ್ಕರು. ಮಾಲ್‌ಸುನ್‌ಳ ಕೈಯಲ್ಲಿದ್ದ ಗೆಣಸು ಮಾತ್ರ ಬೂದಿಗೆ ಬಿತ್ತು. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನಿಗೆ ದಿನವೂ ಗೊತ್ತಾಗಿತ್ತು.

ಮರುದಿನವೇ ಅವಳು ಆಸ್ಪತ್ರೆಗೆ ಬರುವುದಿಲ್ಲವೆಂದು ಹೇಳಿ ಕಳಿಸಿ, ಕಡಲಿಗಿಳಿದಳು. ಎದುರಿನ ಬಂಡೆ ಕಾಣದೆ ಹಣೆ ಒಡೆದುಕೊಂಡು ಮೇಲೆ ಬಂದಳು. ಮುಖದ ತುಂಬ ರಕ್ತ. ಚುನ್‌ಹ್ವಾ ಊರಿಗೆಲ್ಲ ಕೇಳುವಂತೆ ಸಹಾಯಕ್ಕೆ ಕೂಗಿದಳು.

ಓಡಿಬಂದು ಪಟ್ಟಿ ಕಟ್ಟಿದವಳು ಮಿರಾನ್, ಕಣ್ಣಾಸ್ಪತ್ರೆಯ ನರ್ಸ್, ಅದೇ ಊರಿನ ಸೊಸೆ. ಆಪರೇಷನ್ ಯಾಕೆ ಬೇಡವೆಂದಿರಿ ಎಂದು ಕೇಳಿದಳು. ಮಾಲ್‌ಸುನ್ ಬೆಂಕಿಯ ಬಳಿ ಕೇಳಿದ್ದನ್ನೆಲ್ಲ ಹೇಳಿದಳು. ಮಿರಾನ್ ದಂಗಾಗಿ ಚುನ್‌ಹ್ವಾಳ ಕಡೆ ತಿರುಗಿದಳು.

“ದೊಡ್ಡಮ್ಮ, ನಿಮ್ಮ ಆಪರೇಷನ್ ದಿನ ಉಸಿರಾಟ ನೋಡೋ ಯಂತ್ರ ಯಾಕೆ ಕೂಗ್ತು ಅಂತ ನೀವೇ ಹೇಳಿಬಿಡಿ.”

ಚುನ್‌ಹ್ವಾ ತಲೆ ತಗ್ಗಿಸಿದಳು. ಮಿರಾನ್ ಮಾಲ್‌ಸುನ್‌ಗೆ ವಿವರಿಸಿದಳು. ಹೆಚ್ಚಿನವರಿಗೆ ಕಣ್ಣಿಗೆ ಮರಗಟ್ಟಿಸುವ ಹನಿ ಸಾಕು. ಎಚ್ಚರವಿರುತ್ತದೆ, ಮುಟ್ಟಿದ್ದು ಗೊತ್ತಾಗಬಹುದು. ನೋವೆನಿಸಿದರೆ ಹೇಳಬಹುದು, ಇನ್ನಷ್ಟು ಮದ್ದು ಹಾಕುತ್ತಾರೆ. ಕೆಲವರಿಗೆ ಕಣ್ಣಿನ ಪಕ್ಕ ಸೂಜಿ ಕೊಡುತ್ತಾರೆ. ತುಂಬ ಹೆದರುವವರಿಗೆ ರಕ್ತನಾಳದ ಮೂಲಕ ತುಸು ಮಂಪರಿನ ಮದ್ದು ಕೊಟ್ಟು, ಉಸಿರಾಟ ನೋಡಿಕೊಳ್ಳುತ್ತಾರೆ. ಅಲುಗದೆ ಮಲಗಲು ಆಗದವರಿಗೆ, ಮಕ್ಕಳಿಗೆ ಪೂರ್ತಿ ನಿದ್ದೆ. ಕಡಲಿಗೆ ಮುಳುಗುವ ಮೊದಲು ಈ ಹೆಂಗಸರು ನುಂಗುವ ತಲೆನೋವಿನ ಮಾತ್ರೆಯನ್ನೂ ಡಾಕ್ಟರಿಗೆ ಹೇಳಬೇಕು ಎಂದಳು.

ಮಾಲ್‌ಸುನ್ ಗೆಳತಿಯನ್ನೇ ನೋಡಿದಳು. “ಅಕ್ಕ, ಈಗಾದ್ರೂ ನಿಜ ಹೇಳು. ನೋವಾಯ್ತಾ?”

“ಇಲ್ಲ ಕಣೇ. ಹನಿ ಹಾಕಿದ್ರು. ಬೆಳಕು ಬಿಟ್ರೆ ಏನೂ ಕಾಣ್ಲಿಲ್ಲ. ಮುಖಕ್ಕೆ ಬಟ್ಟೆ ಹೊದಿಸಿದ್ದೇ ತಡ, ನೀರೊಳಗೆ ಹೋದೆ ಅಂದ್ಕೊಂಡು ಉಸಿರು ಬಿಗಿಹಿಡಿದುಬಿಟ್ಟೆ. ಯಂತ್ರ ಕೂಗ್ತು. ಡಾಕ್ಟರು ಕೈ ನಿಲ್ಲಿಸಿ, ಅಮ್ಮಾ, ಇದು ಕಡಲಲ್ಲ, ಉಸಿರಾಡಿ ಅಂದ್ರು. ಆಮೇಲೆ ಮಿರಾನ್ ಕೈ ಹಿಡ್ಕೊಂಡೇ ಮಲಗಿದ್ದೆ. ನಾನು ಹೆದರಿದ್ದೆ ಅಂತ ಹೇಳೋಕೆ ನಾಚಿಕೆ ಆಯ್ತು.”

ಮಾಲ್‌ಸುನ್ ಹಣೆಯ ಪಟ್ಟಿ ಮುಟ್ಟಿ ನೋಡಿಕೊಂಡಳು. ಆಮೇಲೆ, ಮತ್ತೆ ದಿನ ಗೊತ್ತು ಮಾಡು ಎಂದು ಮಿರಾನ್‌ಗೆ ಹೇಳಿದಳು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಪೊರೆ ಬಂದಿದೆಯೇ? ಯಾವ ಮದ್ದು, ಎಚ್ಚರವಿರುತ್ತದೆಯೇ ಎಂದು ಡಾಕ್ಟರನ್ನೇ ಕೇಳಿ. ನಿಮ್ಮ ಭಯ, ಕೆಮ್ಮು, ನುಂಗುವ ಮಾತ್ರೆ ಯಾವುದನ್ನೂ ಮುಚ್ಚಿಡಬೇಡಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಬಡಾಯಿಯವರ ಮಾತಿಗೆ ನಕ್ಕುಬಿಡಿ, ಕಣ್ಣು ಮಾತ್ರ ಕಳೆದುಕೊಳ್ಳಬೇಡಿ.