ನೀರು ಬಿಟ್ಟ ಶನಿವಾರಗಳು

ಕದಿರಪ್ಪ ಶನಿವಾರದ ಊಟ ಬಿಟ್ಟದ್ದು ಮದುವೆಯಾದ ವರ್ಷ. ನೀರನ್ನೂ ಬಿಟ್ಟದ್ದು ಮುನಿರತ್ನಮ್ಮ ಮೂರನೆಯ ಸಲ ಬಸುರಿಯಾದ ಮೇಲೆ.

ಮೊದಲಿನ ಎರಡು ಕೂಸುಗಳೂ ಹೆಸರಿಡುವ ಮುಂಚೆಯೇ ಹೋಗಿದ್ದವು. ಆಗಲೂ ಅವನು ಮನೆದೇವರು ವೆಂಕಟರಮಣನ ಹೆಸರಿನಲ್ಲಿ ಉಪವಾಸವಿರುತ್ತಿದ್ದ. ಆದರೆ ಒಂದು ಬಾಳೆಹಣ್ಣು ತಿನ್ನುತ್ತಿದ್ದ, ಬಾಯಾರಿದರೆ ಮಜ್ಜಿಗೆ ಕುಡಿಯುತ್ತಿದ್ದ. ದೇವರಿಗೆ ಅದು ಸಾಲಲಿಲ್ಲವೆಂದು ತೀರ್ಮಾನಿಸಿಕೊಂಡ. ಹಾಗೆಂದು ಯಾರೂ ಹೇಳಿರಲಿಲ್ಲ. ಎರಡನೆಯ ಕೂಸನ್ನು ಮಣ್ಣುಮಾಡಿ ಬಂದ ದಿನ ಮನೆಯಲ್ಲಿ ಒಬ್ಬರೂ ಮಾತಾಡಲಿಲ್ಲ. ಆ ಮೌನದಲ್ಲಿ ಅವನಿಗೆ ಕೇಳಿಸಿದ್ದು ಅದೊಂದೇ. ಈ ಸಲ ಹೆರಿಗೆಯಾಗುವ ತನಕ ಶನಿವಾರ ಬೆಳಗಿನಿಂದ ಸಂಜೆ ದೀಪ ಹಚ್ಚುವವರೆಗೆ ಒಂದು ಹನಿ ನೀರೂ ಗಂಟಲಿಗಿಳಿಯಬಾರದೆಂದು ಹರಕೆ ಹೊತ್ತ.

ಅವನ ಹಳ್ಳಿ ಬೌರಿಂಗ್‌ಪೇಟೆಗೆ ಹತ್ತಿರ. ಈಗಿನ ಬಂಗಾರಪೇಟೆಗೆ ಆಗ ಅದೇ ಹೆಸರು. ಹೊಲವನ್ನು ಅಣ್ಣ ನೋಡಿಕೊಳ್ಳುತ್ತಿದ್ದ. ಕದಿರಪ್ಪ ಬೆಳಗಿನ ರೈಲಿನಲ್ಲಿ ಮಾರಿಕುಪ್ಪಂಗೆ ಹೋಗಿ ಚಿನ್ನದ ಗಣಿಗೆ ಇಳಿಯುತ್ತಿದ್ದ. ಅಲ್ಲಿ ಬಂಡೆಗೆ ತೂತು ಕೊರೆಯುವುದು ಇಬ್ಬರ ಕೆಲಸ. ಒಬ್ಬ ಉಕ್ಕಿನ ಉಳಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತು, ಏಟು ಬಿದ್ದಾಗಲೆಲ್ಲ ಅದನ್ನು ಸ್ವಲ್ಪ ತಿರುಗಿಸಬೇಕು. ಇನ್ನೊಬ್ಬ ನಿಂತು ಸಮ್ಮಟಿಗೆಯಿಂದ ಉಳಿಯ ತಲೆಗೆ ಬಡಿಯಬೇಕು. ಮೇಣದಬತ್ತಿಯ ಬೆಳಕಿನಲ್ಲಿ ಆ ತಲೆ ಒಂದು ಕಾಸಿನಷ್ಟು ಕಾಣುತ್ತದೆ. ಉಳಿ ಹಿಡಿದವನು ಬಡಿಯುವವನ ಮುಖ ನೋಡುವುದಿಲ್ಲ. ನೋಡಿದರೆ ಕೈ ತಾನಾಗಿಯೇ ಹಿಂದೆ ಸರಿಯುತ್ತದೆ.

ಬಡಿಯುವವನು ಕದಿರಪ್ಪ. ಹಿಡಿಯುವವನು ಕುಪ್ಪುಸ್ವಾಮಿ, ಆರ್ಕಾಟಿನ ಕಡೆಯಿಂದ ಬಂದವನು, ವಯಸ್ಸಿನಲ್ಲಿ ಹಿರಿಯ. ಹೆಂಡತಿ ಪಾಪಕ್ಕನೊಂದಿಗೆ ಗಣಿಯವರು ಕೂಲಿಗಳಿಗೆ ಸಾಲಾಗಿ ಕಟ್ಟಿಸಿದ ಲೈನ್‌ಮನೆಯಲ್ಲಿದ್ದ. ಕದಿರಪ್ಪನ ಹಳ್ಳಿಯಲ್ಲಾಗಿದ್ದರೆ ಕುಪ್ಪುಸ್ವಾಮಿಯ ಕುಲದವರು ಬಾವಿಯ ಹತ್ತಿರ ಬರುವಂತಿರಲಿಲ್ಲ. ಗಣಿಯೊಳಗೆ ಒಬ್ಬನ ಬೆವರು ಇನ್ನೊಬ್ಬನ ಮೈಮೇಲೆ ಬೀಳುತ್ತಿತ್ತು. ಬುತ್ತಿ ಬಿಚ್ಚುವಾಗ ಮಾತ್ರ ಕದಿರಪ್ಪ ಎದ್ದು ಆಚೆ ಹೋಗಿ ಕೂರುತ್ತಿದ್ದ. ಅದರ ಬಗ್ಗೆ ಇಬ್ಬರೂ ಎಂದೂ ಮಾತಾಡಿರಲಿಲ್ಲ.

ಆ ಶನಿವಾರ ಕೆಳಗಿನ ಸೆಕೆ ಒಲೆಯ ಬಾಯಿಯಂತಿತ್ತು. ಕದಿರಪ್ಪನ ನಾಲಗೆ ಒಣಗಿ ದಪ್ಪಗಾಗಿತ್ತು. ಏಟಿನ ನಡುವಿನ ಅಂತರ ಉದ್ದವಾಗುತ್ತಿರುವುದನ್ನು ಕುಪ್ಪುಸ್ವಾಮಿಯ ಕೈಗಳು ಗಮನಿಸಿದವು.

“ತಂಬಿ, ಒಂದ್ ಬಾಯಿ ನೀರು ಕುಡಿ. ಪೆರುಮಾಳು ಇಷ್ಟು ಕೆಳೀಕೆ ಇಳ್ದು ನೋಡಾಕಿಲ್ಲ.”

“ನೋಡ್ತಾನೆ ಕಣಣ್ಣ. ಅದ್ಕೇ ಕುಡಿಯಾಕಿಲ್ಲ.”

“ಹಂಗಾರೆ ಅವ್ನಿಗೇ ಏಳು, ಸಮ್ಮಟಿಗೆಗೆ ಒಂದ್ ಕೈ ಆಕ್ಲಿ.”

ಕದಿರಪ್ಪ ನಕ್ಕು ಸಮ್ಮಟಿಗೆ ಎತ್ತಿದ. ಬತ್ತಿಯ ಉರಿ ಎರಡಾಗಿ ಕಂಡಿತು. ಉಳಿಯ ತಲೆಯೂ ಎರಡಾಯಿತು. ಅವನು ಬಡಿದದ್ದು ಇಲ್ಲದ ತಲೆಗೆ.

ಕುಪ್ಪುಸ್ವಾಮಿ ಕೂಗಲಿಲ್ಲ. ಎಡಗೈಯನ್ನು ತೊಡೆಗಳ ನಡುವೆ ಒತ್ತಿ ಹಿಡಿದು ಮುಂದಕ್ಕೆ ಬಾಗಿದ. ಮೇಸ್ತ್ರಿ ದೀಪ ಹಿಡಿದು ಬಂದಾಗ, “ಕೈ ಜಾರ್ತು ಸಾಮಿ, ನಂದೇ ತಪ್ಪು” ಎಂದ. ಕದಿರಪ್ಪನ ಬಾಯಿ ತೆರೆಯಿತು. ಕುಪ್ಪುಸ್ವಾಮಿ ಅವನ ಕಾಲನ್ನು ತನ್ನ ಕಾಲಿನಿಂದ ಒತ್ತಿದ.

ಮೂಳೆ ಉಳಿದಿತ್ತು. ಹೆಬ್ಬೆರಳಿನ ಉಗುರು ಹೋಗಿತ್ತು. ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿಕೊಂಡ ಮೇಲೆ ಕದಿರಪ್ಪ ಅವನನ್ನು ಲೈನಿನವರೆಗೂ ಕರೆತಂದ. ಪಾಪಕ್ಕ ಬಾಗಿಲಲ್ಲೇ ಇದ್ದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ; ಕದಿರಪ್ಪ ನೀರು ಮುಟ್ಟದ ಶನಿವಾರ ಅದೆಂದು ಅವಳಿಗೆ ಗೊತ್ತಿತ್ತು.

“ಏನ್ ಗೌಡ್ರೇ,” ಎಂದಳು, “ನಿಮ್ಮ ಒಟ್ಟೇನ ನೀವು ಸುಟ್ಕೊಳ್ರಿ, ಯಾರ್ ಬ್ಯಾಡ ಅಂದ್ರು? ನನ್ ಗಂಡನ ಬೆರಳು ಯಾಕೆ ಕಾಣಿಕೆ ಆಕ್ತೀರಾ?”

“ಸುಮ್ಕಿರು ಪುಳ್ಳೆ,” ಎಂದು ಕುಪ್ಪುಸ್ವಾಮಿ ಹೆಂಡತಿಗೆ ಹೇಳಿದ. “ಕೂಸಿಗೋಸ್ಕರ ನೋಂಬು ಇಡ್ದವ್ನೆ.”

“ಕೂಸು ಬೆರಳು ಕೇಳ್ತಾ?”

ರೈಲಿನುದ್ದಕ್ಕೂ ಆ ಪ್ರಶ್ನೆ ಕದಿರಪ್ಪನ ಎದುರಿನ ಹಲಗೆಯ ಮೇಲೆ ಕೂತಿತ್ತು.

ಮನೆಯಲ್ಲಿ ದೀಪ ಹಚ್ಚಿಯಾಗಿತ್ತು. ಮುನಿರತ್ನಮ್ಮ ಚೊಂಬಿನಲ್ಲಿ ನೀರು ತಂದಿಟ್ಟಳು. ಅವನು ಮುಟ್ಟಲಿಲ್ಲ. ನಡೆದದ್ದನ್ನೆಲ್ಲ ಹೇಳಿದ.

“ಶನಿವಾರ ಕೆಲ್ಸಕ್ಕೆ ಓಗ್ದೆ ಇದ್ರೆ?” ಎಂದಳು ಅವಳು.

“ಮೇಸ್ತ್ರಿ ಸೋಮವಾರಾನೂ ಬರಬ್ಯಾಡ ಅಂತಾನೆ.”

ಅವಳು ಗೋಡೆಗೆ ಒರಗಿ ಕೂತಳು. ಹೊಟ್ಟೆಯ ಮೇಲೆ ಕೈಯಿತ್ತು.

“ಇನ್ನು ಶನಿವಾರ ನೀರು ಕುಡೀಲಾ ರತ್ನ? ನೀನೇ ಏಳು.”

“ಅದೊಂದ್ನ ನನ್ ಬಾಯಲ್ಲಿ ಏಳಿಸ್ಬ್ಯಾಡಿ. ಕುಡೀರಿ ಅಂದು, ಆಮೇಲೆ ಈ ಕೂಸೂ…” ಅವಳು ನಿಲ್ಲಿಸಿದಳು. “ಕುಡೀಬ್ಯಾಡಿ ಅಂದ್ರೆ ಆ ಯಮ್ಮನ ಮುಖ ನಾನೆಂಗೆ ನೋಡ್ಲಿ?”

ಆ ವಾರ ಕುಪ್ಪುಸ್ವಾಮಿ ಬರಲಿಲ್ಲ. ಬೇರೆಯವರು ಉಳಿ ಹಿಡಿದರು. ಕದಿರಪ್ಪ ಬಡಿಯುತ್ತ ಯೋಚಿಸಿದ. ಹಸಿವೆಂದರೆ ತನಗೆ ಕಷ್ಟವೇ ಅಲ್ಲವೆಂದು ಅವನಿಗೆ ಹೊಳೆಯಿತು. ಬಾಯಾರಿಕೆಯೂ ಅಷ್ಟೆ. ನಿಜ ಹೇಳಬೇಕೆಂದರೆ ಅದರಲ್ಲಿ ಅವನಿಗೊಂದು ಸುಖವಿತ್ತು: ಹಳ್ಳಿಯಲ್ಲಿ, ರೈಲಿನಲ್ಲಿ, ಜನ ‘ನೀರೂ ಮುಟ್ಟಲ್ವಂತೆ’ ಎಂದು ಪಿಸುಗುಡುವುದು ಅವನ ಕಿವಿಗೆ ಬೀಳುತ್ತಿತ್ತು. ಹಾಗಾದರೆ ತನಗೆ ನಿಜವಾಗಿ ಕಷ್ಟವಾದದ್ದು ಯಾವುದು? ಹುಡುಕುತ್ತಾ ಹೋದಂತೆ ಮನಸ್ಸು ಲೈನಿನ ಒಂದೇ ಬಾಗಿಲ ಮುಂದೆ ಹೋಗಿ ನಿಂತು, ಅಲ್ಲಿಂದ ಹಿಂದಕ್ಕೆ ಓಡುತ್ತಿತ್ತು.

ಶ್ರಾವಣದ ಶನಿವಾರಗಳಲ್ಲಿ ಅವನ ಮನೆಯವರು ಪಡಿ ಬೇಡುವುದುಂಟು. ಉಳ್ಳವರೇ ಆಗಲಿ, ಚೊಂಬಿಗೆ ನಾಮ ಹಚ್ಚಿ, ಗೋವಿಂದನ ಹೆಸರು ಹೇಳಿ, ನಾಲ್ಕಾರು ಮನೆಯ ಮುಂದೆ ನಿಂತು ಅಕ್ಕಿ ಬೇಡಬೇಕು. ಬೇಡಿ ತಂದದ್ದು ದೇವರದು. ಮನೆಮಂದಿಯೆಲ್ಲ ಅದನ್ನೇ ಉಣ್ಣಬೇಕು. ಕದಿರಪ್ಪ ಚಿಕ್ಕಂದಿನಿಂದ ಬೇಡಿದ್ದ, ಆದರೆ ತನ್ನ ಕೇರಿಯಲ್ಲಿ, ದೊಡ್ಡಪ್ಪ ಚಿಕ್ಕಪ್ಪಂದಿರ ಬಾಗಿಲಲ್ಲಿ.

ಶುಕ್ರವಾರ ಸಂಜೆ ಅವನು ಅಟ್ಟದಿಂದ ಆ ಹಿತ್ತಾಳೆ ಚೊಂಬು ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜಿದ. ಮುನಿರತ್ನಮ್ಮ ನೋಡಿದಳು.

“ಶ್ರಾವಣ ಮುಗೀತಲ್ಲ,” ಎಂದಳು.

“ಊಂ.”

ಅವಳು ಒಲೆಯ ಬೂದಿ ತಂದು ಚೊಂಬಿನ ಪಕ್ಕ ಇಟ್ಟಳು.

ಮರುದಿನ ಬೆಳಿಗ್ಗೆ ಮಾರಿಕುಪ್ಪಂನಲ್ಲಿ ಇಳಿದವನು ಗಣಿಯ ಕಡೆಗೆ ತಿರುಗದೆ ಲೈನಿನ ಕಡೆ ನಡೆದ. ಹಣೆಯ ಮೇಲೆ ನಾಮ, ಕೈಯಲ್ಲಿ ಚೊಂಬು. “ಗೋವಿಂದಾ” ಎಂದದ್ದು ಅವನಿಗೇ ಕೇಳಿಸಲಿಲ್ಲ.

ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡಿದ್ದ ಮುದುಕಿಯೊಬ್ಬಳು, “ಯಾವ ಊರ ದಾಸಯ್ಯ ಇವ್ನು? ಮೀಸೆ ನೋಡಿದ್ರೆ ಕಂದಾಯ ವಸೂಲಿಗೆ ಬಂದಂಗೈತೆ” ಎಂದಳು. ಉಳಿದವರು ನಕ್ಕರು. ನಗು ಅವನಿಗೆ ಸಹಾಯವನ್ನೇ ಮಾಡಿತು. ಎರಡನೆಯ ಸಲ ದನಿ ಬಂತು.

ಪಾಪಕ್ಕ ಹೊರಗೆ ಬಂದು ಅವನನ್ನೂ ಚೊಂಬನ್ನೂ ನೋಡಿದಳು. ಒಳಗೆ ಹೋಗಿ ಮೊರದಲ್ಲಿ ಒಂದು ಹಿಡಿ ಅಕ್ಕಿ ತಂದಳು. ಪಡಿ ಬೇಡಿದವರನ್ನು ಬರಿಗೈಯಲ್ಲಿ ಕಳಿಸುವುದು ಅವರಲ್ಲೂ ಇರಲಿಲ್ಲ. ತಮಿಳರ ಪುರಟಾಸಿ ತಿಂಗಳ ಶನಿವಾರ ಅವರೂ ಹೀಗೇ ಬೇಡುತ್ತಿದ್ದರು.

“ಅಕ್ಕಿ ಬ್ಯಾಡ ಅಕ್ಕಾ,” ಎಂದ ಕದಿರಪ್ಪ. “ಬೇಯ್ಸಿದ್ದು ಏನೈತೋ ಅದು.”

ಅವಳ ಕೈ ಅಲ್ಲೇ ನಿಂತಿತು. ಒಳಗಿನಿಂದ ಕುಪ್ಪುಸ್ವಾಮಿ ಬಂದು ಬಾಗಿಲಿಗೆ ಒರಗಿದ. ಹೆಬ್ಬೆರಳಿನ ಪಟ್ಟಿ ಚಿಕ್ಕದಾಗಿತ್ತು.

“ತಂಬಿ, ರಾತ್ರಿ ಮಾಡಿದ ರಾಗಿ ಅಂಬಲಿ ಐತೆ, ಅಷ್ಟೆ. ನಿಮ್ಮೂರಾಗೆ ತಿಳಿದ್ರೆ ಏನಂತಾರೆ?”

“ಅಂತಾರೆ.”

“ನಿನ್ನ ನೋಂಬು?”

“ಇದೇ ನೋಂಬು. ಈಗಿಂದ ಶನಿವಾರ ನಿಮ್ಮನೇದೇ ಉಣ್ಣೋದು. ಇಲ್ಲ ಅಂದ್ರೆ ಉಪ್ಪಾಸ.”

“ಉಪ್ಪಾಸದ ಮಾತು ಎತ್ತಿದ್ರೆ ಈ ಮೊರದಾಗೇ ಬಾರಿಸ್ತೀನಿ,” ಎಂದು ಪಾಪಕ್ಕ ಒಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ಮಡಕೆಯಿತ್ತು. ಚೊಂಬು ತುಂಬುವಷ್ಟು ಹುಯ್ದಳು.

ಕದಿರಪ್ಪ ಜಗಲಿಯ ಮೇಲೆ ಕೂತ. ಚೊಂಬನ್ನು ಎತ್ತಿದವನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದ. ನೀರಿಲ್ಲದೆ ಕಳೆದ ಯಾವ ಹಗಲಿನಲ್ಲೂ ಅವನ ಎದೆ ಹೀಗೆ ಹೊಡೆದುಕೊಂಡಿರಲಿಲ್ಲ. ನಲ್ಲಿಯ ಹತ್ತಿರದವರು ಮಾತು ನಿಲ್ಲಿಸಿದ್ದರು. ಅವನು ಕುಡಿದ. ಅಂಬಲಿ ಹುಳಿಯಾಗಿ ತಣ್ಣಗಿತ್ತು. ಅರ್ಧ ಉಳಿಸಿ, ಚೊಂಬಿನ ಬಾಯಿಗೆ ಎಲೆ ಕಟ್ಟಿ ಪಾಪಕ್ಕನ ಬಳಿಯೇ ಇಟ್ಟ. “ಸಂಜೆ ತಗೊಂಡ್ ಓಗ್ತೀನಿ. ಮನೇಲಿ ಕೊಡಬೇಕು.”

ಕುಪ್ಪುಸ್ವಾಮಿ ಅಂಗಿ ಹಾಕಿಕೊಂಡು ಅವನೊಂದಿಗೇ ಹೊರಟ. ಕೆಳಗೆ ಹೋದ ಮೇಲೆ ಬಂಡೆಯ ಮುಂದೆ ಕೂತು ಉಳಿಗೆ ಕೈಯಿಟ್ಟ. ಪಟ್ಟಿಯ ಬೆರಳನ್ನು ಕೂಡ. ಕದಿರಪ್ಪ ಸಮ್ಮಟಿಗೆ ಎತ್ತಿದ. ಆ ದಿನ ಏಟುಗಳ ನಡುವಿನ ಅಂತರ ಕಡೆಯವರೆಗೂ ಬದಲಾಗಲಿಲ್ಲ.

ಸಂಜೆ ಅವನು ಚೊಂಬನ್ನು ಮುನಿರತ್ನಮ್ಮನ ಮುಂದಿಟ್ಟು, ಎಲ್ಲಿ ಬೇಡಿದ್ದೆಂದು ಹೇಳಿದ. ಅವಳ ಮುಖದಲ್ಲಿ ಏನಿದೆಯೆಂದು ಅವನಿಗೆ ತಿಳಿಯಲಿಲ್ಲ. ಅವಳು ಬೇಡವೆಂದರೆ ಬಲವಂತ ಮಾಡುವಂತಿರಲಿಲ್ಲ. ಹರಕೆ ಅವನದಾದರೂ ಕೂಸು ಇದ್ದದ್ದು ಅವಳ ಒಳಗೆ. ಹೊರಗೆ ಅತ್ತಿಗೆ ದನ ಕಟ್ಟುತ್ತಿದ್ದ ಸದ್ದು ಕೇಳುತ್ತಿತ್ತು.

“ಆ ಬೆರಳು ಎಂಗೈತೆ?” ಎಂದು ಕೇಳಿದಳು.

“ಉಳಿ ಇಡೀತಾವ್ನೆ.”

ಮುನಿರತ್ನಮ್ಮ ಎಲೆ ಬಿಚ್ಚಿದಳು. ಚೊಂಬನ್ನು ಕಣ್ಣಿಗೊತ್ತಿಕೊಂಡು, ಎರಡೂ ಕೈಯಲ್ಲಿ ಎತ್ತಿ ನಿಧಾನವಾಗಿ ಕುಡಿದಳು. ಕೊನೆಯವರೆಗೂ ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಉಪ್ಪು ಕಮ್ಮಿ,” ಎಂದಳು. “ಮುಂದಿನ ಶನಿವಾರ ಆ ಯಮ್ಮಂಗೆ ಏಳಿ. ಬಸುರಿ ಬಾಯಿಗೆ ಸಪ್ಪೆ ಇಡ್ಸಲ್ಲ.”